ಕೈಯಲ್ಲಿ ಹಿಡಿದ ಹೃದಯ

ನಮ್ಮ ಮನೆಯಿಂದ ಗುಡ್ಡ ಇಳಿದು ತೋಡು ದಾಟಿದರೆ ಕೊಂಕಣಿ ಮಾತಾಡುವ ಕ್ರೈಸ್ತರ ಒಂದು ಮನೆ. ಎರವಲು ತಂದ ಪಾತ್ರೆಗಳನ್ನು ಹಿಂದೆ ಕೊಟ್ಟು ಬರಲು ಅಮ್ಮ ನನ್ನನ್ನೇ ಕಳುಹಿಸುತ್ತಿದ್ದರು. ಆ ಮನೆಯ ಚಾವಡಿಯಲ್ಲಿ, ಒಳಬಾಗಿಲಿನ ಮೇಲೆ ಒಂದು ಪಟ. ಅದರ ಕೆಳಗೆ ಹಗಲೂ ರಾತ್ರಿ ಉರಿಯುವ ಕೆಂಪು ಜೀರೋ ಬಲ್ಬು. ಉದ್ದ ಕೂದಲಿನ, ಸಣ್ಣ ಗಡ್ಡದ ಒಬ್ಬರು ನೇರವಾಗಿ ನಮ್ಮನ್ನೇ ನೋಡುತ್ತ, ಕೆಂಪಾದ ಏನನ್ನೋ ಕೈಯಲ್ಲಿ ಹಿಡಿದು ಮುಂದೆ ಚಾಚಿದ್ದರು. ಗೇರುಮರಗಳ ನಡುವೆ ಬೆಳೆದ ಹುಡುಗನಿಗೆ ಅದು ಗೇರುಹಣ್ಣಲ್ಲದೆ ಬೇರೇನಾಗಿ ಕಂಡೀತು? ಬೀಜವನ್ನು ಮೇಲೆ ಮಾಡಿ ತಲೆಕೆಳಗು ಹಿಡಿದ ಹಣ್ಣು ಎಂದುಕೊಂಡೆ. ಒಂದು ದಿನ ಕೇಳಿಯೂ ಬಿಟ್ಟೆ. ಬಾಯಮ್ಮ ನಕ್ಕು, 'ಅಲ್ಲ ಮಗಾ, ಅದು ಅವರ ಕಾಳಿಜ್' ಎಂದರು. ಕಾಳಿಜ್ ಎಂದರೆ ಹೃದಯವೆಂದು ತಿಳಿದದ್ದು ಮನೆಗೆ ಬಂದ ಮೇಲೆ. ತಿಳಿದ ರಾತ್ರಿ ಸ್ವಲ್ಪ ಹೆದರಿಕೆಯೂ ಆಯಿತು.

ಆ ಪಟದ ಮೂಲ ರೋಮ್ ನಗರದ ಒಂದು ಇಗರ್ಜಿಯಲ್ಲಿದೆ. ಜೆಸ್ವಿಟ್ ಪಾದ್ರಿಗಳ ತಾಯಿ ಇಗರ್ಜಿಯಾದ 'ಇಲ್ ಜೆಸು'ವಿನಲ್ಲಿ, ಮುಖ್ಯ ಪೀಠದ ಪಕ್ಕದ ಚಿಕ್ಕ ಚಾಪೆಲಿನಲ್ಲಿ ಅದನ್ನು ಇರಿಸಿದ್ದಾರೆ. ಬರೆದವನು ಪೊಂಪೆಯೋ ಬತೋನಿ, ಕಾಲ 1767. ತಾಮ್ರದ ತಗಡಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದ, ಮೊಟ್ಟೆಯಾಕಾರದ, ಒಬ್ಬ ಮನುಷ್ಯ ಎತ್ತಿಕೊಂಡು ಹೋಗಬಹುದಾದಷ್ಟು ಚಿಕ್ಕ ಚಿತ್ರ. ನಾನು ರೋಮಿಗೆ ಹೋಗಿ ನೋಡಿದವನಲ್ಲ. ಒಳ್ಳೆಯ ಮುದ್ರಣಗಳಲ್ಲಿ ನೋಡಿದ್ದೇನೆ ಅಷ್ಟೆ. ಆದರೆ ಈ ಚಿತ್ರದ ಮಟ್ಟಿಗೆ ಅದು ದೊಡ್ಡ ಕೊರತೆಯೆಂದು ನನಗನಿಸುವುದಿಲ್ಲ. ಲೋಕದ ಬಹುಪಾಲು ಜನ ಅದನ್ನು ಕಂಡಿರುವುದು ಮುದ್ರಣದಲ್ಲಿಯೇ, ಅದೂ ಮುದ್ರಣದ ಮುದ್ರಣದ ಮುದ್ರಣದಲ್ಲಿ. ಹಾಗೆ ಕೈಯಿಂದ ಕೈಗೆ ಹೋಗುವಾಗ ಅದು ಏನನ್ನು ಕಳೆದುಕೊಂಡಿತು ಎಂಬುದೇ ನನ್ನ ಈ ಬರಹದ ವಿಷಯ.

ಕಾಸರಗೋಡಿನ ನಮಗೆ ಈ ಪಟ ಎರಡು ದಾರಿಯಲ್ಲಿ ಪರಿಚಿತ. ಒಂದು, ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರ ದಾರಿ. ಕಾಸರಗೋಡು ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಲದಲ್ಲಿ, 1878ರ ಕೊನೆಯ ದಿನ, ಇಟಲಿಯ ಜೆಸ್ವಿಟರು ಮಂಗಳೂರಿಗೆ ಬಂದರು. ಅವರ ಸಂತ ಅಲೋಶಿಯಸ್ ಚಾಪೆಲಿನ ಗೋಡೆಗಳನ್ನು ಆಂಟೋನಿಯೋ ಮೊಸ್ಕೆನಿ 1899ರಿಂದ 1901ರ ವರೆಗೆ ಚಿತ್ರಗಳಿಂದ ತುಂಬಿದ. ಇನ್ನೊಂದು, ತಿರುವಿತಾಂಕೂರಿನಿಂದ ಗುಡ್ಡ ಕಡಿದು ಕೃಷಿ ಮಾಡಲು ಬಂದವರ ದಾರಿ. 1943ರಲ್ಲಿ ರಾಜಪುರಂನಲ್ಲಿ ನೆಲೆ ನಿಂತವರೂ ಅವರ ಹಿಂದುಮುಂದಿನಲ್ಲಿ ಬಂದವರೂ ತಮ್ಮ ಮನೆಗಳಲ್ಲಿ ತೂಗಿದ್ದು ಇದೇ ಪಟ. ಅವರ ಬಾಯಲ್ಲಿ ಅದು 'ತಿರುಹೃದಯಂ'. ಹೀಗೆ ಪಡುವಣದ ಕೊಂಕಣಿ ಮನೆಯಲ್ಲೂ ಮೂಡಣದ ಮಲಯಾಳಿ ಮನೆಯಲ್ಲೂ ಒಂದೇ ಮುಖ. ನಡುವಿನ ನಾವು ಎರಡೂ ಮನೆಗಳಿಗೆ ಹೋಗಿಬರುತ್ತೇವೆ, ಪಟದ ಕೆಳಗೆ ಕುಳಿತು ಕಾಫಿ ಕುಡಿಯುತ್ತೇವೆ. ಪಟವನ್ನು ಮಾತ್ರ ನೋಡುವುದಿಲ್ಲ. ಅನ್ಯರ ದೇವರ ಪಟವನ್ನು ದಿಟ್ಟಿಸಿ ನೋಡುವುದು ಸಭ್ಯತೆಯಲ್ಲವೆಂಬ ಸಂಕೋಚ ಇದ್ದೀತು. ಆದರೆ ವಿಮರ್ಶೆಗೆ ಆ ಸಂಕೋಚ ಸಲ್ಲದು.

ಚಿತ್ರಕ್ಕೆ ಹಿಂದಿನ ಕಥೆ ಫ್ರಾನ್ಸಿನದು. ಪಾರೆ-ಲ-ಮೊನಿಯಾಲ್ ಎಂಬ ಊರಿನ ಕನ್ಯಾಮಠದಲ್ಲಿ ಮಾರ್ಗರೆಟ್ ಮೇರಿ ಅಲಕೋಕ್ ಎಂಬ ಸನ್ಯಾಸಿನಿ ಇದ್ದಳು. 1673ರಿಂದ 1675ರ ಅವಧಿಯಲ್ಲಿ ಯೇಸು ತನಗೆ ತನ್ನ ಹೃದಯವನ್ನು ತೋರಿಸಿದನೆಂದು ಅವಳು ಹೇಳಿಕೊಂಡಳು. ಉರಿಯುವ ಹೃದಯ, ಸುತ್ತ ಮುಳ್ಳಿನ ಬಳೆ, ನೆತ್ತಿಯಲ್ಲಿ ಶಿಲುಬೆ. 1685ರಲ್ಲಿ ಅವಳ ಕೈಕೆಳಗಿನ ಎಳೆಯ ಸನ್ಯಾಸಿನಿಯರು ಕಾಗದದ ಮೇಲೆ ಶಾಯಿಯಿಂದ ಒಂದು ಹೃದಯವನ್ನು ಬರೆದು ಅದರ ಮುಂದೆ ಪ್ರಾರ್ಥಿಸಿದರು. ಅದು ಬರಿಯ ಹೃದಯ. ಅದಕ್ಕೆ ಮುಖವಿಲ್ಲ, ಮೈಯಿಲ್ಲ. ಮಾರ್ಸೇಲ್ ಪಟ್ಟಣಕ್ಕೆ 1720ರಲ್ಲಿ ಮಹಾಮಾರಿ ಬಡಿದಾಗ ಜನ ಅದೇ ಬರಿಯ ಹೃದಯವನ್ನು ಬಟ್ಟೆಯ ಮೇಲೆ ಹೊಲಿದು ರಕ್ಷೆಯಂತೆ ಧರಿಸಿದರು. ನಮ್ಮಲ್ಲಿ ತಾಯಿತ ಕಟ್ಟಿದ ಹಾಗೆ.

ಆದರೆ ರೋಮಿನ ಪಂಡಿತರಿಗೆ ಇದು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. ವಿಲಿಯಂ ಹಾರ್ವೆ 1628ರಲ್ಲಿಯೇ ಹೃದಯವೆಂದರೆ ರಕ್ತವನ್ನು ಒತ್ತಿ ದೂಡುವ ಸ್ನಾಯುವೆಂದು ತೋರಿಸಿಕೊಟ್ಟಿದ್ದ. 1720ರ ದಶಕದಲ್ಲಿ ಈ ಭಕ್ತಿಗೆ ಒಂದು ಹಬ್ಬವನ್ನು ಮಂಜೂರು ಮಾಡಬೇಕೆಂದು ಗಾಲಿಫೆ ಎಂಬ ಜೆಸ್ವಿಟ್ ಪಾದ್ರಿ ಅರ್ಜಿ ಹಾಕಿದಾಗ, ಅದನ್ನು ಪರಿಶೀಲಿಸುವ ಹೊಣೆ ಹೊತ್ತ ಪ್ರೋಸ್ಪೆರೋ ಲಾಂಬರ್ತೀನಿ ಅಡ್ಡಿಪಡಿಸಿದ. ಮುಂದೆ ಹದಿನಾಲ್ಕನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪ್ ಆದವನು ಈತನೇ. ಪ್ರೀತಿ ಹುಟ್ಟುವುದು ಹೃದಯದಲ್ಲಿಯೋ ಮಿದುಳಿನಲ್ಲಿಯೋ ಎಂಬುದೇ ತತ್ತ್ವಜ್ಞಾನಿಗಳಲ್ಲಿ ತೀರ್ಮಾನವಾಗದಿರುವಾಗ, ಇಗರ್ಜಿಯು ಹೃದಯಕ್ಕೆ ಹಬ್ಬ ಮಾಡಿ ಆ ವಾದದಲ್ಲಿ ಒಂದು ಪಕ್ಷ ಹಿಡಿಯುವುದು ಹೇಗೆ ಎಂಬುದು ಅವನ ತಕರಾರು. 1729ರಲ್ಲಿ ಅರ್ಜಿ ಬಿದ್ದುಹೋಯಿತು.

ಲಾಂಬರ್ತೀನಿಯ ಪ್ರಶ್ನೆ ಜಾಣ ಪ್ರಶ್ನೆ. ಆದರೆ ಅವನಿಗೆ ನಮ್ಮ ಗಡಿನಾಡಿನ ಭಾಷೆಗಳು ಬರುತ್ತಿದ್ದರೆ ಅಷ್ಟು ಚಿಂತಿಸುತ್ತಿರಲಿಲ್ಲವೇನೋ! ಕನ್ನಡದಲ್ಲಿ ಗುಂಡಿಗೆ ಇರುವುದು ಧೈರ್ಯಕ್ಕೆ. ತಾಯಿಯ ಪ್ರೀತಿ ಇರುವುದು ಕರುಳಿನಲ್ಲಿ. ಮಗ ಕರುಳಿನ ಕುಡಿ. ಅದೇ ಶಬ್ದ ಗಡಿ ದಾಟಿ ಮಲಯಾಳದಲ್ಲಿ 'ಕರಳ್' ಆಗುವಾಗ ಅರ್ಥ ಪಿತ್ತಕೋಶಕ್ಕೆ ಸರಿಯುತ್ತದೆ, ಆದರೂ ಪ್ರೇಮಿ ಪ್ರೇಯಸಿಯನ್ನು ಕರೆಯುವುದು 'ಕರಳೇ' ಎಂದೇ. ಜೀವದ ಗೆಳೆಯ 'ಚಂಕ್'. ಕೊಂಕಣಿಯ ಕಾಳಿಜ್ ಎಂಬುದೂ ಪಿತ್ತಕೋಶಕ್ಕೂ ಹೃದಯಕ್ಕೂ ನಡುವೆ ತೂಗುವ ಶಬ್ದ. ತುಳುವರಿಗೆ ಉಡಲ್ ಮನಸ್ಸೂ ಹೌದು, ಒಡಲೊಳಗಿನ ಜಾಗವೂ ಹೌದು. ಒಂದೊಂದು ಭಾಷೆ ಒಂದೊಂದು ಅಂಗವನ್ನು ಆರಿಸಿಕೊಂಡಿದೆ. ಆದರೆ ಪ್ರೀತಿಗೆ ಮೈಯೊಳಗೆ ಒಂದು ಜಾಗ ಬೇಕೇ ಬೇಕೆಂಬುದರಲ್ಲಿ ನಾಲ್ಕೂ ಭಾಷೆಗಳಿಗೆ ಅನುಮಾನವಿಲ್ಲ. ವೈದ್ಯಶಾಸ್ತ್ರ ಇದನ್ನು ತಪ್ಪೆಂದು ಸಾಧಿಸಿದರೂ ಮಾತು ಬದಲಾಗುವುದಿಲ್ಲ.

ಕೊನೆಗೆ 1765ರಲ್ಲಿ, ಪೋಲಂಡಿನ ಬಿಷಪರ ಒತ್ತಾಯದ ಮೇಲೆ, ಹದಿಮೂರನೆಯ ಕ್ಲೆಮೆಂಟ್ ಪೋಪ್ ಹಬ್ಬಕ್ಕೆ ಸೀಮಿತವಾದ ಒಪ್ಪಿಗೆ ಕೊಟ್ಟ. ಎರಡು ವರ್ಷದ ಮೇಲೆ ಬತೋನಿಯ ಚಿತ್ರ ಬಂತು. ಈ ಕಾಲವನ್ನು ಮರೆತು ಚಿತ್ರವನ್ನು ನೋಡುವಂತಿಲ್ಲ. ಈ ಭಕ್ತಿಯನ್ನು ಹರಡಿದವರು ಮುಖ್ಯವಾಗಿ ಜೆಸ್ವಿಟರು. ಅವರ ಮನೆಗೆ ಆಗ ಬೆಂಕಿ ಬಿದ್ದಿತ್ತು. 1759ರಲ್ಲಿ ಪೋರ್ಚುಗಲ್ ಅವರನ್ನು ಹೊರಗಟ್ಟಿತ್ತು, 1764ರಲ್ಲಿ ಫ್ರಾನ್ಸ್ ಅವರ ಸಂಘವನ್ನು ರದ್ದುಗೊಳಿಸಿತ್ತು, ಚಿತ್ರ ಬರೆದ 1767ರಲ್ಲಿಯೇ ಸ್ಪೇನ್ ಅವರನ್ನು ಹಡಗುಗಳಿಗೆ ತುಂಬಿ ಕಳುಹಿಸಿತು. 1773ರಲ್ಲಿ ಹದಿನಾಲ್ಕನೆಯ ಕ್ಲೆಮೆಂಟ್ ಇಡೀ ಸಂಘವನ್ನೇ ವಿಸರ್ಜಿಸಿದ. ಸಂಘದ ಮುಖ್ಯಸ್ಥ ಲೊರೆಂಜೋ ರಿಚ್ಚಿ ರೋಮಿನ ಕೋಟೆಯಲ್ಲಿ ಸೆರೆಯಾಳಾಗಿಯೇ 1775ರಲ್ಲಿ ತೀರಿಕೊಂಡ. ಎಂದರೆ, ಮುಂದಿನ ವರ್ಷ ತಾವು ಇರುತ್ತೇವೋ ಇಲ್ಲವೋ ಎಂದು ತಿಳಿಯದ ಜನ ತಮ್ಮ ತಾಯಿ ಇಗರ್ಜಿಯಲ್ಲಿ ಇರಿಸಿಕೊಂಡ ಚಿತ್ರವಿದು. ಅವರು ಕತ್ತಿ ಹಿಡಿದ ದೇವದೂತನನ್ನು ಬರೆಸಬಹುದಾಗಿತ್ತು, ಸಿಂಹಾಸನದ ಮೇಲಿನ ನ್ಯಾಯಾಧೀಶನನ್ನು ಬರೆಸಬಹುದಾಗಿತ್ತು. ಬರೆಸಿದ್ದು ಗಾಯವಾದ ಹೃದಯವನ್ನು ಕೈಯಲ್ಲಿ ಹಿಡಿದು ನಿಂತವನನ್ನು.

ಇನ್ನು ಚಿತ್ರಕಾರನ ವಿಚಾರ. ಬತೋನಿ 1708ರಲ್ಲಿ ಲುಕ್ಕಾ ಊರಿನಲ್ಲಿ ಹುಟ್ಟಿದವನು, ಅಕ್ಕಸಾಲಿಯ ಮಗ. 1727ರಲ್ಲಿ ರೋಮಿಗೆ ಬಂದ. 1787ರಲ್ಲಿ ಅಲ್ಲಿಯೇ ಸತ್ತ. ಇಟಲಿಯ ಪ್ರವಾಸಕ್ಕೆ ಬರುತ್ತಿದ್ದ ಇಂಗ್ಲೆಂಡಿನ ಸಿರಿವಂತರ ಭಾವಚಿತ್ರ ಬರೆಯುವುದರಲ್ಲಿ ಅವನಿಗೆ ದೊಡ್ಡ ಹೆಸರು. ಅಂಥವು ಸುಮಾರು 200 ಇವೆಯಂತೆ. ಅವನ ಆಸೆ ಇದ್ದದ್ದು ಬೇರೆ ಕಡೆ. ಸಂತ ಪೀಟರರ ಮಹಾದೇವಾಲಯಕ್ಕಾಗಿ 'ಸೈಮನ್ ಮಾಂತ್ರಿಕನ ಪತನ' ಎಂಬ ಭಾರೀ ಚಿತ್ರಕ್ಕೆ ವರ್ಷಗಟ್ಟಲೆ ದುಡಿದು 1755ರಲ್ಲಿ ಮುಗಿಸಿದ. ಅಲ್ಲಿ ಅದು ಸ್ವೀಕಾರವಾಗಲಿಲ್ಲ. ಬೇರೊಂದು ಇಗರ್ಜಿಗೆ ಹೋಯಿತು. ಇಂಗ್ಲೆಂಡಿನ ಜೋಶುವಾ ರೆನಾಲ್ಡ್ಸ್ 1788ರ ತನ್ನ ಉಪನ್ಯಾಸದಲ್ಲಿ ಬತೋನಿಯ ಹೆಸರು ಬೇಗನೆ ಮರೆತುಹೋಗುತ್ತದೆ ಎಂದು ಭವಿಷ್ಯ ನುಡಿದ. ಹೆಸರಿನ ಮಟ್ಟಿಗೆ ಆ ಭವಿಷ್ಯ ಬಹುಮಟ್ಟಿಗೆ ನಿಜವಾಯಿತು. ನಮ್ಮ ಬಾಯಮ್ಮನಿಗೆ ಬತೋನಿ ಯಾರೆಂದು ಗೊತ್ತಿರಲಿಲ್ಲ. ಆದರೆ ರೆನಾಲ್ಡ್ಸನ ಒಂದು ಚಿತ್ರವೂ ಅವರ ಮನೆಯಲ್ಲಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ತಾಮ್ರದ ತಗಡು ಬಣ್ಣವನ್ನು ಹೀರುವುದಿಲ್ಲ. ಬಟ್ಟೆಯ ನೆಯ್ಗೆಯಂತೆ ಒರಟೂ ಅಲ್ಲ. ಅದರ ಮೇಲೆ ಎಣ್ಣೆಬಣ್ಣ ನಯವಾಗಿ ಕೂತು ಒಳಗಿನಿಂದ ಬೆಳಗಿದಂತೆ ಕಾಣುತ್ತದೆ. ಅಕ್ಕಸಾಲಿಯ ಮಗನಿಗೆ ಈ ಗುಣ ಚೆನ್ನಾಗಿ ಗೊತ್ತು. ಕತ್ತಲ ಹಿನ್ನೆಲೆ, ಕೆಂಪು ಅಂಗಿ, ಅದರ ಮೇಲೆ ನೀಲಿ ಹೊದಿಕೆ, ಸ್ವಲ್ಪ ಓರೆಯಾದ ತಲೆ, ಅದರ ಸುತ್ತ ಪ್ರಭೆ. ಮುಖದ ವಿಚಾರದಲ್ಲಿ ನನಗೆ ತಕರಾರಿದೆ. ಅದು ಅತಿಯಾಗಿ ಚೆಂದ. ಕಣ್ಣುಗಳ ಮೆದುತನ ನಾಟಕದವರದ್ದು. ಸಿಲುಬೆಗೇರಿ ಬಂದವನ ಕೆನ್ನೆ ಹೀಗೆ ನುಣುಪಾಗಿರುವುದು ಸಾಧ್ಯವೇ? ಪೋಪ್ ಫ್ರಾನ್ಸಿಸ್ ಇದೇ ಪವಿತ್ರ ಹೃದಯವನ್ನು ಕುರಿತು 2024ರ ಅಕ್ಟೋಬರಿನಲ್ಲಿ ಹೊರಡಿಸಿದ ಪತ್ರದಲ್ಲಿ, ಈ ಬಗೆಯ ಕೆಲವು ಚಿತ್ರಗಳು ಅಭಿರುಚಿಗೆ ಒಗ್ಗದವೆಂದು ತೋರಬಹುದು ಎಂದು ಒಪ್ಪಿಕೊಂಡಿದ್ದರು. ಆ ದೋಷದ ಬೀಜ ಬತೋನಿಯ ಮುಖದಲ್ಲಿಯೇ ಇದೆ. ಪಟದ ವ್ಯಾಪಾರಿಗಳು ನೀರೆರೆದು ಬೆಳೆಸಿದರು.

ಕೈಗಳ ಮಾತು ಬೇರೆ. ಬಲಗೈ ಹೃದಯವನ್ನು ತೋರಿಸುತ್ತದೆ, 'ಇದನ್ನು ನೋಡು' ಎಂದು. ಇದು ಬೋಧಕನ ಕೈ. ಎಷ್ಟೋ ಚಿತ್ರಗಳಲ್ಲಿ ಕಂಡದ್ದೇ. ಎಡಗೈ ಹೃದಯವನ್ನು ಹೊತ್ತಿದೆ. ಅಲ್ಲಿ ಬೋಧನೆಯಿಲ್ಲ. ಹಿಡಿತದಲ್ಲಿ ಬಿಗಿಯಿಲ್ಲ, ಉಳಿಸಿಕೊಳ್ಳಬೇಕೆಂಬ ಆತುರವಿಲ್ಲ. ಗಾಳಿಗೆ ಆರದಂತೆ ಹಣತೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವಾಗ ಕೈ ಹೇಗಿರುತ್ತದೋ ಹಾಗೆ ಎನ್ನಬಹುದು. ಎಡಗೈಯಲ್ಲಿ ಏನನ್ನೂ ಕೊಡಬಾರದೆಂದು ಅಮ್ಮನಿಂದ ಬೈಸಿಕೊಂಡು ಬೆಳೆದ ನನ್ನಂಥವನಿಗೆ ಇದು ಮೊದಲು ಮುಜುಗರವಾಯಿತು. ಆಮೇಲೆ ಹೊಳೆಯಿತು, ಹೃದಯ ಎಡಕ್ಕಿರುವುದು. ಎಡಗೈಗೆ ಅದು ಹತ್ತಿರ. ಇದ್ದ ಜಾಗದಿಂದ ತೆಗೆದು ನೇರ ಮುಂದೆ ಚಾಚಿದ್ದಾನೆ. ಎದೆಯ ಅಂಗಿ ಹರಿದಿಲ್ಲ, ತೂತಿಲ್ಲ. ಹೇಗೆ ಹೊರಬಂತು ಎಂಬ ಪ್ರಶ್ನೆಯನ್ನು ಚಿತ್ರ ಎತ್ತುವುದೇ ಇಲ್ಲ. ಕೊಡುವುದು ಮಾತ್ರ ಕಾಣುತ್ತದೆ.

ಮೈಯ ಅಂಗವನ್ನು ಕಿತ್ತು ಕೊಡುವ ಕಥೆ ನಮಗೆ ಹೊಸತಲ್ಲ. ಬೇಡರ ಕಣ್ಣಪ್ಪ ಶಿವನಿಗೆ ಕಣ್ಣನ್ನು ಕಿತ್ತುಕೊಟ್ಟ. ಎದೆ ಬಗೆದು ತೋರಿಸಿದ ಹನುಮಂತನ ಪಟ ಸಲೂನುಗಳಿಂದ ವ್ಯಾಯಾಮಶಾಲೆಗಳ ವರೆಗೆ ಎಲ್ಲ ಕಡೆ ಇದೆ. ಎರಡರಲ್ಲೂ ಕೊಡುವವನು ಭಕ್ತ. ಹನುಮಂತನ ಎದೆಯೊಳಗೆ ಕಾಣುವುದು ಅವನ ಹೃದಯವಲ್ಲ, ಅಲ್ಲಿ ಕುಳಿತ ರಾಮಸೀತೆಯರು. ಬತೋನಿಯ ಚಿತ್ರದಲ್ಲಿ ದಿಕ್ಕು ತಿರುಗುಮುರುಗು. ಇಲ್ಲಿ ಹೃದಯವನ್ನು ಹೊರತೆಗೆದವನು ದೇವರು, ಅದನ್ನು ಪಡೆಯಬೇಕಾದವನು ಎದುರು ನಿಂತು ನೋಡುವವನು. ಹೃದಯದೊಳಗೆ ಯಾರೂ ಕುಳಿತಿಲ್ಲ, ಒಂದು ಗಾಯವಿದೆ. ಒಂದು ಮೇಲು, ಇನ್ನೊಂದು ಕೀಳು ಎಂಬುದು ನನ್ನ ವಾದವಲ್ಲ. ಕಣ್ಣಪ್ಪನನ್ನು ನೋಡುವಾಗ ನಾವು ಭಕ್ತನ ಪಕ್ಕದಲ್ಲಿ ನಿಂತಿರುತ್ತೇವೆ. ಇಲ್ಲಿ ಪಕ್ಕದಲ್ಲಿ ನಿಲ್ಲುವ ಅವಕಾಶವಿಲ್ಲ, ಎದುರಿಗೇ ನಿಲ್ಲಬೇಕು. ಚಾಚಿದ ಕೈಗೆ ನಮ್ಮ ಕೈ ಏನು ಮಾಡಬೇಕು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಹುಡುಗನಾಗಿದ್ದಾಗ ನಾನು ಹೆದರಿದ್ದು ಇದಕ್ಕೇ ಇರಬೇಕು.

ವಿರೋಧಿಗಳು ಸುಮ್ಮನಿರಲಿಲ್ಲ. ಒಂದು ಅಂಗವನ್ನು ಮೈಯಿಂದ ಬೇರ್ಪಡಿಸಿ ಪೂಜಿಸುವುದು ಮೂಢತನವೆಂದು ಇಗರ್ಜಿಯೊಳಗಿನ ಸುಧಾರಕರೇ ಗೇಲಿ ಮಾಡಿದರು, 'ಹೃದಯಪೂಜಕರು' ಎಂದು ಅಡ್ಡಹೆಸರಿಟ್ಟರು. ಇಟಲಿಯ ಪಿಸ್ತೋಯಾದ ಬಿಷಪ್ ಶಿಪಿಯೋನೆ ದೆ ರಿಚ್ಚಿ 1786ರಲ್ಲಿ ತನ್ನ ಪಾದ್ರಿಗಳ ಸಭೆ ಕರೆದು ಇದನ್ನು ಖಂಡಿಸಿದ. 1794ರಲ್ಲಿ ಪೋಪ್ ಆ ಸಭೆಯ ನಿರ್ಣಯಗಳನ್ನೇ ಖಂಡಿಸಿದ. ಅದೇ ಹೊತ್ತಿಗೆ ಜೆಸ್ವಿಟರನ್ನು ಮೊದಲು ಹೊರಗಟ್ಟಿದ ಪೋರ್ಚುಗಲ್ಲಿನ ರಾಣಿ ಒಂದನೆಯ ಮರಿಯಾ ಲಿಸ್ಬನ್ನಿನಲ್ಲಿ ಪವಿತ್ರ ಹೃದಯಕ್ಕೆ ಮಹಾದೇವಾಲಯ ಕಟ್ಟಿಸಿ 1790ರಲ್ಲಿ ಮುಗಿಸಿದಳು. ಅಲ್ಲಿನ ಮುಖ್ಯ ಪೀಠದ ಚಿತ್ರವೂ ಬತೋನಿಯದೇ.

ರಿಚ್ಚಿಯ ಆಕ್ಷೇಪಕ್ಕೆ ಬತೋನಿಯ ಚಿತ್ರದಲ್ಲಿಯೇ ಉತ್ತರವಿದೆ ಎನ್ನುವುದು ನನ್ನ ಅಭಿಪ್ರಾಯ. ಸನ್ಯಾಸಿನಿಯರ ಶಾಯಿಚಿತ್ರದಲ್ಲಿ, ಮಾರ್ಸೇಲಿನ ಬಟ್ಟೆಯ ರಕ್ಷೆಯಲ್ಲಿ ಹೃದಯ ಒಂಟಿಯಾಗಿತ್ತು. ಬತೋನಿ ಅದನ್ನು ಒಬ್ಬ ವ್ಯಕ್ತಿಯ ಕೈಗೆ ಕೊಟ್ಟ, ಕಣ್ಣಿನ ಕೆಳಗಿಟ್ಟ. ಬಟ್ಟೆಯ ಹೃದಯಕ್ಕೆ ಯಾರ ಕಡೆಗೂ ನೋಟವಿಲ್ಲ. ಅದನ್ನು ಯಾರು ಯಾವುದಕ್ಕೆ ಬೇಕಾದರೂ ಬಳಸಬಹುದು. ಬಳಸಿಯೂ ಆಯಿತು. 1793ರಲ್ಲಿ ಫ್ರಾನ್ಸಿನ ವಾಂದೆ ಪ್ರಾಂತದ ರೈತರು ಕ್ರಾಂತಿಕಾರಿ ಸರಕಾರದ ವಿರುದ್ಧ ದಂಗೆಯೆದ್ದಾಗ ಎದೆಯ ಮೇಲೆ ಹೊಲಿದುಕೊಂಡದ್ದು ಶಿಲುಬೆ ಹೊತ್ತ ಕೆಂಪು ಹೃದಯವನ್ನೇ. ಅಲ್ಲಿ ಹೃದಯವೆಂದರೆ 'ನಾನು ಈ ಪಕ್ಷದವನು' ಎಂಬ ಗುರುತು. ಅವರ ನೋವು ದೊಡ್ಡದು, ಅವರ ಮೇಲಾದ ಹಿಂಸೆ ಘೋರ, ಅದನ್ನು ಅಲ್ಲಗಳೆಯಲಾರೆ. ಆದರೂ ಎದೆಯ ಮೇಲೆ ಹೊಲಿದ ಹೃದಯ ಎದುರಿನವನಿಗೆ ಕೊಡುವುದಕ್ಕಲ್ಲ, ತೋರಿಸುವುದಕ್ಕೆ. ಗಡಿನಾಡಿನಲ್ಲಿ ಭಾಷೆಯ ಹೆಸರಿನಲ್ಲಿ ಬದುಕುವ ನಮಗೂ ಈ ಎರಡರ ವ್ಯತ್ಯಾಸ ಅಪರಿಚಿತವಲ್ಲ. ನವೆಂಬರಿನಲ್ಲಿ ಅಂಗಿಗೆ ಚುಚ್ಚಿಕೊಳ್ಳುವ ಕನ್ನಡಕ್ಕೂ ಪಕ್ಕದ ಮನೆಯ ಮಲಯಾಳಿ ಹುಡುಗಿಗೆ ಕಲಿಸುವ ಕನ್ನಡಕ್ಕೂ ಇರುವ ಅಂತರ ನಮಗೆ ಗೊತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಬಣ್ಣದ ಕಲ್ಲಚ್ಚು ಬಂತು. ಇಗರ್ಜಿಯಿಂದಲೂ ಉತ್ತೇಜನ ಸಿಕ್ಕಿತು: ಒಂಬತ್ತನೆಯ ಪಿಯುಸ್ 1856ರಲ್ಲಿ ಹಬ್ಬವನ್ನು ಲೋಕದ ಎಲ್ಲ ಕ್ಯಾಥೋಲಿಕರಿಗೂ ವಿಸ್ತರಿಸಿದ, ಹದಿಮೂರನೆಯ ಲಿಯೋ 1899ರಲ್ಲಿ ಇಡೀ ಮನುಕುಲವನ್ನು ಪವಿತ್ರ ಹೃದಯಕ್ಕೆ ಅರ್ಪಿಸಿದ, 1907ರಿಂದ ಮನೆಮನೆಯಲ್ಲಿ ಪಟವನ್ನು ಪ್ರತಿಷ್ಠಾಪಿಸುವ ಚಳವಳಿ ಹಬ್ಬಿತು. ನಮ್ಮಲ್ಲಿ ರವಿವರ್ಮನ ಎಣ್ಣೆಚಿತ್ರಗಳು ಅಚ್ಚಾಗಿ ಮನೆಮನೆಗೆ ಹೋದದ್ದೂ ಈ ಅವಧಿಯಲ್ಲಿಯೇ. ಅವನ ಮುದ್ರಣಾಲಯ ಮುಂಬಯಿಯಲ್ಲಿ ತೆರೆದದ್ದು 1894ರಲ್ಲಿ. ಕಿಳಿಮಾನೂರಿನ ಆ ಮಲಯಾಳಿ ನಮ್ಮ ಲಕ್ಷ್ಮಿಗೂ ಸರಸ್ವತಿಗೂ ಒಂದು ಮುಖ ಕೊಟ್ಟ; ಈಗ ಆ ಮುಖವಿಲ್ಲದೆ ದೇವಿಯನ್ನು ಕಲ್ಪಿಸಿಕೊಳ್ಳುವುದು ನಮಗೆ ಕಷ್ಟ. ಬತೋನಿಯೂ ಅದನ್ನೇ ಮಾಡಿದ. ಒಂದು ವ್ಯತ್ಯಾಸವಿದೆ. ರವಿವರ್ಮನ ಲಕ್ಷ್ಮಿಯ ಕೈಯಿಂದ ಕಮಲವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಬತೋನಿಯ ಯೇಸುವಿನ ಕೈ ಮಾತ್ರ ಅಚ್ಚಿನಿಂದ ಅಚ್ಚಿಗೆ ಬರಿದಾಗುತ್ತ ಹೋಯಿತು. ಬಹುಪಾಲು ಹೊಸ ಪಟಗಳಲ್ಲಿ ಹೃದಯ ಮತ್ತೆ ಎದೆಯ ಮೇಲೆ ಕೂತಿದೆ, ಅಂಗಿಯ ಮೇಲಿನ ಪದಕದ ಹಾಗೆ. ಒಂದು ಕೈ ಅದನ್ನು ತೋರಿಸುತ್ತದೆ, ಇನ್ನೊಂದು ಆಶೀರ್ವದಿಸುತ್ತದೆ. ಮೇಲಿನಿಂದ ಕೆಳಕ್ಕೆ ಹರಿಯುವ ಆಶೀರ್ವಾದ ಒಳ್ಳೆಯದೇ. ಆದರೆ ಆಶೀರ್ವದಿಸುವವನಿಗೆ ನಮ್ಮಿಂದ ಏನೂ ಬೇಕಾಗಿಲ್ಲ. ಬತೋನಿಯವನಿಗೆ ನಾವು ಕೈ ಚಾಚುವುದು ಬೇಕಾಗಿದೆ, ಚಾಚದಿದ್ದರೆ ಅವನು ಹಾಗೆಯೇ ಹಿಡಿದು ನಿಂತಿರಬೇಕು. ಚಿತ್ರದ ಅರ್ಥವೆಲ್ಲ ಆ ಕಾಯುವಿಕೆಯಲ್ಲಿದೆ ಎಂದು ನನಗೆ ತೋರುತ್ತದೆ. 1767ರ ರೋಮಿನಲ್ಲಿ ಬಾಗಿಲುಗಳೆಲ್ಲ ಮುಚ್ಚುತ್ತಿದ್ದಾಗ ಆ ಪಾದ್ರಿಗಳಿಗೂ ಅದು ಹಾಗೆಯೇ ತೋರಿರಬಹುದು.

ಈ ಬರಹಕ್ಕೆ ಕೂರುವ ಮೊದಲು ಒಮ್ಮೆ ತೋಡು ದಾಟಿ ಆ ಮನೆಗೆ ಹೋದೆ. ಬಾಯಮ್ಮ ತೀರಿಕೊಂಡು ವರ್ಷಗಳಾದವು. ಸೊಸೆ ಬೆಲ್ಲ ಹಾಕಿದ ಕಾಫಿ ಕೊಟ್ಟರು. ಒಳಬಾಗಿಲಿನ ಮೇಲೆ ಹೊಸ ಪಟ, ಸುತ್ತ ಮಿಣುಕುವ ಬಣ್ಣದ ದೀಪಗಳು. ಹೃದಯ ಎದೆಯ ಮೇಲಿತ್ತು. ಹಳೆಯದೇನಾಯಿತು ಎಂದು ಕೇಳಿದೆ.

'ಅದಕ್ಕೆ ಗೆದ್ದಲು ಹಿಡಿದಿತ್ತು ಮಾಷ್ಟ್ರೇ, ಎರಡು ಮಳೆಗಾಲದ ಹಿಂದೆ ತೆಗೆದದ್ದು. ಯಾಕೆ?'

ಅದರಲ್ಲಿ ಹೃದಯ ಕೈಯಲ್ಲಿತ್ತು ಎಂದೆ.

ಅವರು ಪಟದ ಕಡೆಗೆ ತಿರುಗಿ ಸ್ವಲ್ಪ ಹೊತ್ತು ನೋಡಿದರು. 'ಕೈಯಲ್ಲಿತ್ತಾ? ದಿನಾ ಆ ಗಾಜು ಒರೆಸ್ತಾ ಇದ್ದದ್ದು ನಾನೇ. ನೋಡ್ಲಿಲ್ಲ ನೋಡಿ.'